ಎಚ್-1ಬಿ ವೀಸಾದಲ್ಲಿರುವವರಿಗೂ ಕ್ಯಾಲಿಫೋರ್ನಿಯಾದ ಖಾಸಗಿತನ ಕಾನೂನು ಅನ್ವಯಿಸುತ್ತದೆಯೇ?

ಖಂಡಿತ ಅನ್ವಯಿಸುತ್ತದೆ. ವರ್ಜೀನಿಯಾದಿಂದ ಸ್ಯಾನ್ ಹೋಸೆಗೆ ಬಂದು ನೆಲೆಸಿದ್ದೀರಿ, ಹೆಸರು ಹುಡುಕಿದರೆ ನಿಮ್ಮ ಹಳೆಯ ವಿಳಾಸ, ಮೊಬೈಲ್ ಸಂಖ್ಯೆ, ಹೆಂಡತಿಯ ಹೆಸರು ಎಲ್ಲವೂ ಅಪರಿಚಿತ ಜಾಲತಾಣಗಳಲ್ಲಿ ಸಿಗುತ್ತಿವೆ ಎಂದು ಬರೆದಿದ್ದೀರಿ. ನನ್ನ ಮಾಹಿತಿಯನ್ನು ಮಾರಬೇಡಿ, ಅಳಿಸಿ ಎಂದು ಕಂಪನಿಗಳನ್ನು ಕೇಳುವ ಹಕ್ಕು ಕೊಡುವ ಈ ಕಾನೂನು ನೋಡುವುದು ವಾಸಸ್ಥಳವನ್ನು, ಪೌರತ್ವವನ್ನಲ್ಲ. ನಾನೂ ಇದೇ ರಾಜ್ಯದಲ್ಲಿದ್ದೇನೆ; ವೀಸಾದ ಹೆದರಿಕೆಯಿಂದ ನಮ್ಮವರು ಇರುವ ಹಕ್ಕನ್ನೂ ಕೇಳದೆ ಸುಮ್ಮನಿರುವುದು ಕಂಡಾಗ ಬೇಸರವಾಗುತ್ತದೆ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸಮಗ್ರ ಖಾಸಗಿತನ ಕಾನೂನು ಇಲ್ಲ. ಹಾಗಾಗಿ ರಾಜ್ಯಗಳೇ ಮುಂದಾಗಿವೆ. ಕ್ಯಾಲಿಫೋರ್ನಿಯಾದಲ್ಲಿ ಅಲಾಸ್ಟೇರ್ ಮ್ಯಾಕ್‌ಟ್ಯಾಗರ್ಟ್ ಎಂಬ ರಿಯಲ್ ಎಸ್ಟೇಟ್ ಉದ್ಯಮಿ ಲಕ್ಷಾಂತರ ಸಹಿ ಸಂಗ್ರಹಿಸಿ ವಿಷಯವನ್ನು ನೇರವಾಗಿ ಮತದಾರರ ಮುಂದಿಡಲು ಹೊರಟರು. ಆಗ ಎಚ್ಚೆತ್ತ ಶಾಸಕರು 2018ರ ಜೂನ್‌ನಲ್ಲಿ ಸುಮಾರು ಒಂದೇ ವಾರದಲ್ಲಿ ಈ ಕಾನೂನಿನ ಮಸೂದೆಯನ್ನು ಅಂಗೀಕರಿಸಿದರು. 2020ರಲ್ಲಿ ಮತದಾರರೇ ಅದನ್ನು ಇನ್ನಷ್ಟು ಬಿಗಿಗೊಳಿಸಿದರು.

ಮೊದಲು ಬ್ರೌಸರ್‌ನಲ್ಲಿ 'ಗ್ಲೋಬಲ್ ಪ್ರೈವಸಿ ಕಂಟ್ರೋಲ್' ಚಾಲೂ ಮಾಡಿ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲೇ ಅದು ಇದೆ. ನನ್ನ ಮಾಹಿತಿಯನ್ನು ಮಾರಬೇಡಿ ಎಂದು ನೀವು ಹೋದ ಪ್ರತಿ ತಾಣಕ್ಕೂ ಅದು ತಾನೇ ತಿಳಿಸುತ್ತದೆ, ಕಾನೂನಿನ ವ್ಯಾಪ್ತಿಗೆ ಬರುವ ಕಂಪನಿಗಳು ಅದನ್ನು ಪಾಲಿಸಲೇಬೇಕು. ಪಾಲಿಸದ್ದೂ ಸೇರಿದಂತೆ ಹಲವು ಆರೋಪಗಳಿಗಾಗಿ ಸೌಂದರ್ಯವರ್ಧಕ ಮಾರುವ ಸೆಫೋರಾ ಕಂಪನಿ 2022ರಲ್ಲಿ 12 ಲಕ್ಷ ಡಾಲರ್ ತೆರಬೇಕಾಯಿತು.

ನಿಮ್ಮ ವಿವರ ಮಾರುತ್ತಿರುವ ಮಾಹಿತಿ ದಲ್ಲಾಳಿಗಳಿಗೆ ಮದ್ದು ಕ್ಯಾಲಿಫೋರ್ನಿಯಾದ್ದೇ ಆದ 2023ರ ಡಿಲೀಟ್ ಕಾಯ್ದೆ. ಅದರಡಿ ಸರ್ಕಾರಿ ಸಂಸ್ಥೆಯೊಂದು ನಡೆಸುವ 'ಡ್ರಾಪ್' ಎಂಬ ಉಚಿತ ತಾಣ 2026ರ ಜನವರಿಯಲ್ಲಿ ತೆರೆಯಿತು. ಅಲ್ಲಿ ಒಮ್ಮೆ ಕೋರಿಕೆ ಸಲ್ಲಿಸಿದರೆ ನೋಂದಾಯಿತ ದಲ್ಲಾಳಿಗಳಿಗೆಲ್ಲ ಅದು ತಲುಪುತ್ತದೆ. 2026ರ ಆಗಸ್ಟ್‌ನಿಂದ ಅವರು 45 ದಿನಕ್ಕೊಮ್ಮೆ ಆ ಪಟ್ಟಿ ನೋಡಿ ಅಳಿಸಬೇಕೆಂಬುದು ನಿಯಮ. ಆದರೆ ಮನೆ ಖರೀದಿಯ ಪತ್ರದಂತಹ ಸಾರ್ವಜನಿಕ ದಾಖಲೆಗಳಿಂದ ಬಂದ ಮಾಹಿತಿಗೆ ಇದು ಅನ್ವಯಿಸುವುದಿಲ್ಲ. ನೀವೇ ಖಾತೆ ತೆರೆದಿರುವ ಅಂಗಡಿಗೆ ಬೇರೆಯಾಗಿಯೇ ಬರೆಯಬೇಕು; ಅವರು 45 ದಿನಗಳಲ್ಲಿ ಉತ್ತರಿಸಬೇಕು, ಕಾರಣ ತಿಳಿಸಿ ಇನ್ನೂ 45 ದಿನ ಪಡೆಯಬಹುದು.

ನನಗೆ ಒಪ್ಪಿಗೆಯಾಗದ ಸಂಗತಿ ಒಂದಿದೆ. ಕಂಪನಿ ನಿಮ್ಮ ಕೋರಿಕೆಯನ್ನು ಕಡೆಗಣಿಸಿದರೆ ನೀವು ದೂರು ಕೊಡಬಹುದೇ ಹೊರತು ಈ ಕಾನೂನಿನಡಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ದಾವೆಗೆ ಅವಕಾಶವಿರುವುದು ಕಂಪನಿಯ ನಿರ್ಲಕ್ಷ್ಯದಿಂದ ಮಾಹಿತಿ ಸೋರಿಕೆಯಾದಾಗ ಮಾತ್ರ. ವರ್ಜೀನಿಯಾದಲ್ಲಿ ಅಷ್ಟೂ ಇಲ್ಲ, ಅಲ್ಲಿ ಆ ಅಧಿಕಾರವೆಲ್ಲ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಅವರದು. ಇಲಿನಾಯ್ ನೋಡಿ: ಬೆರಳಚ್ಚು, ಮುಖಚಹರೆ ಕುರಿತ ಅಲ್ಲಿನ 2008ರ ಕಾನೂನಿನಡಿ ಜನಸಾಮಾನ್ಯರೇ ಹೂಡಿದ ದಾವೆಯಲ್ಲಿ ಫೇಸ್‌ಬುಕ್ 65 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಜನರ ಕೈಗೆ ಆ ಬಲ ಕೊಡದೆ ಹಕ್ಕುಗಳ ಪಟ್ಟಿಯನ್ನು ಎಷ್ಟು ಉದ್ದ ಮಾಡಿದರೂ ಸಾಲದು.

ಡ್ರಾಪ್‌ನಲ್ಲಿ ಕೋರಿಕೆ ಸಲ್ಲಿಸುವಾಗ ವರ್ಜೀನಿಯಾದಲ್ಲಿ ಬಳಸುತ್ತಿದ್ದ ಮೊಬೈಲ್ ಸಂಖ್ಯೆ, ಹಳೆಯ ಇ-ಮೇಲ್ ಎರಡನ್ನೂ ಸೇರಿಸಿ. ನಮ್ಮ ಕಡೆಯವರ ಹೆಸರು ಒಂದು ದಾಖಲೆಯಲ್ಲಿ ತಂದೆಯ ಹೆಸರಿನೊಂದಿಗೆ, ಇನ್ನೊಂದರಲ್ಲಿ ಊರಿನ ಹೆಸರಿನೊಂದಿಗೆ ಇರುವುದರಿಂದ ಬರೀ ಹೆಸರಿನ ಮೇಲೆ ಹೊಂದಿಕೆ ಸಿಗದೆ ಹೋಗಬಹುದು. ನಿಮ್ಮ ಶ್ರೀಮತಿಯವರದು ಪ್ರತ್ಯೇಕ ಕೋರಿಕೆಯಾಗಿ ಹೋಗಲಿ.