ಮೀನು ಹಿಡಿಯಲು ಕರೆದರೆ ಹೋಗಿ ಬನ್ನಿ

ದಾವಣಗೆರೆಯಿಂದ ಕೆನಡಾದ ಸಾಸ್ಕಟೂನ್‌ಗೆ ಬಂದು ಒಂದು ಚಳಿಗಾಲ ದಾಟಿಸಿದ್ದೀರಿ. ಕೆಲಸ ಸರಿಯಿದೆ, ಮನೆ ಸರಿಯಿದೆ, ಶನಿವಾರ ಭಾನುವಾರ ಮಾತ್ರ ಕಳೆಯುವುದೇ ಇಲ್ಲ ಅಂತ ಬರೆದಿದ್ದೀರಿ. ಈಗ ಆಫೀಸಿನವರು ಡೀಫನ್‌ಬೇಕರ್ ಲೇಕಿಗೆ ಮೀನು ಹಿಡಿಯಲು ಕರೆದಿದ್ದಾರೆ. ಗಾಳ ಮುಟ್ಟಿ ಗೊತ್ತಿಲ್ಲ, ಹೋಗಿ ನಗೆಪಾಟಲಾದರೆ ಅಂತ ಹೆದರಿಕೆ. ಅಷ್ಟೇ ಅಲ್ವಾ ಪ್ರಶ್ನೆ?

ಹೋಗಿ. ಇಲ್ಲಿನ ಜನ ಮನೆಗೆ ಊಟಕ್ಕೆ ಕರೆಯುವುದು ಕಡಿಮೆ, ದೋಣಿಗೆ ಕರೆಯುವುದು ಜಾಸ್ತಿ. ಆಫೀಸಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಮಾತಾಡದವರು ದೋಣಿಯಲ್ಲಿ ಕೂತರೆ ಅಪ್ಪನ ಹೊಲ, ಮಗನ ಹಾಕಿ ಆಟ, ಮನೆ ಸಾಲ ಎಲ್ಲ ತೆಗೆಯುತ್ತಾರೆ. ಎದುರಾಬದುರು ಕೂತರೆ ಇವರಿಗೆ ಮಾತು ಹೊರಡುವುದಿಲ್ಲ. ಇಬ್ಬರೂ ನೀರು ನೋಡುತ್ತಾ ಕೂತರೆ ತಾನಾಗಿ ಬರುತ್ತದೆ. ನಾನು ಕುಂದಾಪುರದ ಕಡೆಯವನು, ಹೊಳೆ ದಂಡೆಯಲ್ಲಿ ಬೆಳೆದವನು. ಆದರೂ ಇಲ್ಲಿ ನನಗೆ ಸ್ನೇಹಿತರು ಅಂತ ಸಿಕ್ಕಿದ್ದು ದೋಣಿ ಹತ್ತಿದ ಮೇಲೆಯೇ.

ಡೀಫನ್‌ಬೇಕರ್ ಹೆಸರಿಗೆ ಲೇಕ್, ಅಸಲಿಗೆ ಅಣೆಕಟ್ಟಿನ ಹಿನ್ನೀರು. ಸೌತ್ ಸಾಸ್ಕಾಚುವಾನ್ ನದಿಗೆ ಅಡ್ಡ ಕಟ್ಟಿದ ಗಾರ್ಡಿನರ್ ಅಣೆಕಟ್ಟು 1967ರಲ್ಲಿ ಕಟ್ಟಿ ಮುಗಿಯಿತು. ಮಣ್ಣಿನ ಕಟ್ಟು, 64 ಮೀಟರ್ ಎತ್ತರ, ಉದ್ದ ಸುಮಾರು 5 ಕಿಲೋಮೀಟರ್. ಹಿಂದೆ ನಿಂತ ನೀರು 225 ಕಿಲೋಮೀಟರ್ ಉದ್ದಕ್ಕೆ ಹರಡಿದೆ. ವಸಂತದಲ್ಲಿ ಮಟ್ಟ ಕೆಳಗಿರುತ್ತದೆ. ರಾಕಿ ಬೆಟ್ಟಗಳ ಹಿಮ ಕರಗಿ ಬಂದ ಮೇಲೆ, ಜೂನ್ ಹೊತ್ತಿಗೆ, ಏರುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಮೀನು ಸಿಕ್ಕ ಜಾಗ ಜುಲೈನಲ್ಲಿ ಆಳದಲ್ಲಿ ಮುಳುಗಿರುತ್ತದೆ. ಹಳಬರೂ ಪ್ರತಿ ಸಲ ಹೊಸದಾಗಿ ಹುಡುಕುತ್ತಾರೆ, ನಿಮಗೊಬ್ಬರಿಗೇ ಗೊತ್ತಿಲ್ಲ ಅಂದುಕೊಳ್ಳಬೇಡಿ. ಸುತ್ತ ಮರವಿಲ್ಲದ ಬಯಲು, ಗಾಳಿಗೆ ತಡೆಯಿಲ್ಲ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದೊಳಗೆ ದೋಣಿ ಎತ್ತಿ ಒಗೆಯುತ್ತದೆ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಲಿ. ಬೇರೆಯವರು ಹಾಕದಿದ್ದರೂ ನೀವು ಹಾಕಿ.

ನಿಮ್ಮವರು ಹುಡುಕುವುದು ವಾಲೈ. ಇದು ಈ ಪ್ರಾಂತ್ಯದ ಅಧಿಕೃತ ಮೀನು; ಕೆಲವರು ಪಿಕರೆಲ್ ಅಂತಲೂ ಕರೆಯುತ್ತಾರೆ. ಇದರ ಕಣ್ಣು ಮಸುಕು ಗಾಜಿನ ಗೋಲಿಯ ಹಾಗಿರುತ್ತದೆ. ಒಳಗಿನ ಪದರ ಬೆಳಕನ್ನು ಹಿಂದಕ್ಕೆ ಹೊಡೆಯುವುದರಿಂದ ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ನಸುಕು, ಮುಸ್ಸಂಜೆ, ಮೋಡದ ದಿನ, ಸಣ್ಣ ಅಲೆ ಎದ್ದ ನೀರು, ಇವೇ ಇದರ ಬೇಟೆಯ ಹೊತ್ತು. ನೆತ್ತಿ ಮೇಲೆ ಬಿಸಿಲಿದ್ದಾಗ ಗಾಳ ಹಾಕಿ ಕೂರುವುದು ನನ್ನ ಪ್ರಕಾರ ಸುಮ್ನೆ ಸ್ಯಾಂಡ್‌ವಿಚ್ ತಿನ್ನೋಕೆ ಒಂದು ನೆಪ.

ಕೆಲಸ ಕಷ್ಟವಿಲ್ಲ. ಜಿಗ್ ಅಂದರೆ ತಲೆಗೆ ಸೀಸದ ಗುಂಡಿರುವ ಕೊಕ್ಕೆ. ಅದಕ್ಕೆ ಎರೆಹುಳುವೋ ಜಿಗಣೆಯೋ ಸಿಕ್ಕಿಸಿ ತಳ ಮುಟ್ಟುವವರೆಗೆ ಬಿಡಿ. ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ, ದಾರ ಸಡಿಲವಾಗುತ್ತದೆ. ಗೇಣುದ್ದ ಎತ್ತಿ, ಮತ್ತೆ ಇಳಿಸಿ. ವಾಲೈ ಜಗ್ಗಿ ಎಳೆಯುವ ಮೀನಲ್ಲ. ಒಂದು ಸಣ್ಣ ಟಕ್, ಇಲ್ಲವೇ ದಾರಕ್ಕೆ ಯಾರೋ ಒದ್ದೆ ಬಟ್ಟೆ ನೇತುಹಾಕಿದಷ್ಟು ಭಾರ. ಆಗ ಕೋಲು ಎತ್ತಬೇಕು. ಮೇಲೆ ಬಂದ ಮೇಲೆ ಬಾಯಿಗೆ ಬೆರಳು ಹಾಕಬೇಡಿ, ಹಲ್ಲಿವೆ. ಬೆನ್ನಿನ ಮುಳ್ಳುಗಳನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಅಂಗೈಯಲ್ಲಿ ಒತ್ತಿ ಮಡಚಿ ಹಿಡಿಯಿರಿ. ಕಿವಿರಿನ ಮುಚ್ಚಳದ ಅಂಚೂ ಕೈ ಕೊಯ್ಯುತ್ತದೆ.

ಇಲ್ಲಿ ಸಿಗುವ ಇನ್ನೊಂದು ಮೀನು ಪರ್ಚ್. ಸಣ್ಣದು, ಹಳದಿ ಮೈಗೆ ಬೆನ್ನಿಂದ ಹೊಟ್ಟೆ ಕಡೆಗೆ ಇಳಿಯುವ ಕಪ್ಪು ಪಟ್ಟೆ, ಕೆಳಗಿನ ರೆಕ್ಕೆ ಕಿತ್ತಳೆ. ಗುಂಪಾಗಿ ತಿರುಗುತ್ತದೆ. ಬಂದರೆ ಕೈಗೆ ಬಿಡುವಿಲ್ಲ, ಹೋದರೆ ಒಂದೂ ಇಲ್ಲ. ಇದರ ಮಜಾ ಚಳಿಗಾಲದಲ್ಲಿ, ಹಿಮಗಡ್ಡೆಗೆ ತೂತು ಕೊರೆದು ಕೂತಾಗ. ಆಗ ಡೀಫನ್‌ಬೇಕರ್‌ಗಿಂತ ಊರಿಗೆ ಹತ್ತಿರದ ಬ್ಲ್ಯಾಕ್‌ಸ್ಟ್ರಾಪ್ ಲೇಕ್ ವಾಸಿ. ದೊಡ್ಡ ಹಿನ್ನೀರಿನಲ್ಲಿ ಚಳಿಗಾಲಪೂರ್ತಿ ಕರೆಂಟಿಗಾಗಿ ನೀರು ಬಿಡುತ್ತಾರೆ. ಕೆಳಗೆ ನೀರು ಇಳಿದ ಹಾಗೆ ಮೇಲಿನ ಹಿಮ ಕುಸಿಯುತ್ತದೆ, ದಡದ ಬಳಿ ಬಿರುಕು ಬಿಡುತ್ತದೆ. ನಡೆಯಲು ಕನಿಷ್ಠ 10 ಸೆಂಟಿಮೀಟರ್ ದಪ್ಪ ಬೇಕು, ಕಾರಿಗೆ 30. ಯಾರೋ ಟ್ರಕ್ ಇಳಿಸಿದ್ದಾರೆ ಅಂತ ನೀವು ಹಿಂದೆ ಹೋಗಬೇಡಿ, ಕೊರೆದು ಅಳೆದು ನೋಡಿ. ಹಿಮದ ಮೇಲೆ ಹಾಕಿದ ಡೇರೆಯೊಳಗೆ ಗ್ಯಾಸ್ ಹೀಟರ್ ಹಚ್ಚಿದರೆ ಗಾಳಿಗೆ ಕಿಂಡಿ ಬಿಡಿ.

ಕಾನೂನಿನ ವಿಷಯದಲ್ಲಿ ಇಲ್ಲಿ 'ಅಡ್ಜಸ್ಟ್ ಮಾಡ್ಕೊಳ್ಳಿ' ನಡೆಯುವುದಿಲ್ಲ. ಕೊಕ್ಕೆಗೆ ಹಿಮ್ಮುಳ್ಳು ಇರಬಾರದು. ಇದ್ದರೆ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಜೀವಂತ ಮರಿಮೀನು ಸಿಕ್ಕಿಸುವಂತಿಲ್ಲ. ಏಪ್ರಿಲ್‌ನಲ್ಲಿ ವಾಲೈ ಮೊಟ್ಟೆ ಇಡುವ ಕಾಲ, ಹಿಡಿಯುವುದು ಬಂದ್; ಮೇ ಮೊದಲಲ್ಲಿ ತೆರೆಯುತ್ತದೆ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅಂತ ಪ್ರಾಂತ್ಯ ಸರ್ಕಾರದ ಆ ವರ್ಷದ ಕೈಪಿಡಿ ನೋಡಿ, ಗೆಳೆಯರ ಬಾಯಿಮಾತು ನಂಬಬೇಡಿ. ಅಧಿಕಾರಿ ಬಂದು ಡಬ್ಬಿ ತೆಗೆಸಿ ಎಣಿಸಿದರೆ ಅವಮಾನ ಅಂದುಕೊಳ್ಳಬೇಡಿ, ಎಲ್ಲರಿಗೂ ಅದೇ.

ನೀವು ಮೀನು ತಿನ್ನುವವರೋ ಅಲ್ಲವೋ ಬರೆದಿಲ್ಲ. ತಿನ್ನದಿದ್ದರೆ ಮೊದಲೇ ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಪಾಲು ಅವರಿಗೆ ಲಾಭ. ತಿನ್ನುವವರಾದರೆ ವಾಲೈ ನಮ್ಮ ಕಾಣೆ ಮೀನಿಗೆ ಹತ್ತಿರದ ರುಚಿ, ಬಿಳಿ ಮಾಂಸ, ಮುಳ್ಳಿನ ಕಾಟವಿಲ್ಲ. ಖಾರ, ಹುಳಿ, ಉಪ್ಪು ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕಿ. ಇವರು ಹಿಟ್ಟು ಬಳಿದು ಎಣ್ಣೆಯಲ್ಲಿ ಮುಳುಗಿಸುತ್ತಾರೆ, ಒಳ್ಳೆ ಮೀನು ಹಾಳು.

ದೋಣಿ ಅವರದಾದರೆ ಪೆಟ್ರೋಲಿಗೆ ಹಣ ಕೊಡಿ, ಬೇಡ ಅಂದರೂ ಒತ್ತಾಯ ಮಾಡಿ. ಗಾಳ, ಕೋಲು ಈಗಲೇ ಕೊಳ್ಳಬೇಡಿ, ಅವರ ಬಳಿ ಇದ್ದೇ ಇರುತ್ತದೆ. ಲೈಸೆನ್ಸ್ ಮಾತ್ರ ನಿಮ್ಮ ಹೆಸರಲ್ಲೇ ಇರಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ, ಹೊರಡುವ ಹಿಂದಿನ ರಾತ್ರಿಯೇ ಮಾಡಿಸಿಕೊಳ್ಳಿ.