ಹಾಲಿನ ಲೆಕ್ಕದ ಕ್ಯಾಲೆಂಡರ್‌ನಲ್ಲಿ ಕೆಂಪು ಸುತ್ತು

ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದ ಕ್ರಿಕೆಟಿಗರೊಬ್ಬರ ಹೆಂಡತಿ ಬ್ಯಾಗಿನಿಂದ ಒಂದು ಕ್ಯಾಲೆಂಡರ್ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಅಡುಗೆಮನೆ ಗೋಡೆಗೆ ನೇತುಹಾಕಿದ್ದು, ಅಂಚಿನಲ್ಲಿ ಎಣ್ಣೆ ಕಲೆ. ಪ್ರತಿ ತಾರೀಖಿನ ಮೂಲೆಯಲ್ಲಿ ಹಾಲಿನ ಪ್ಯಾಕೆಟ್ ಲೆಕ್ಕ: 2, 2, 3, 2. ಕೆಲವು ತಾರೀಖುಗಳಿಗೆ ಮಾತ್ರ ಕೆಂಪು ಪೆನ್ನಿನ ಸುತ್ತು.

"ಇವರಿಗೆ ಹೊಟ್ಟೆನೋವು ಬಂದ ದಿನಗಳು ಮೇಡಂ. ಎಂಡೋಸ್ಕೋಪಿ ಆಯ್ತು, ಸ್ಕ್ಯಾನ್ ಆಯ್ತು. ಏನೂ ಇಲ್ಲ ಅಂದ್ರು. ಆಮೇಲೆ ನಾನೇ ಕೂತು ತಾಳೆ ನೋಡಿದೆ. ಎಲ್ಲಾ ಟೀಮ್ ಅನೌನ್ಸ್ ಆದ ದಿನಗಳೇ."

ಪಕ್ಕದಲ್ಲಿ ಕೂತಿದ್ದ ಅವರು ಮಾತಾಡಲಿಲ್ಲ. ಅಂಗೈಯ ಗಟ್ಟಿ ಚರ್ಮವನ್ನು ಹೆಬ್ಬೆರಳಿಂದ ಉಜ್ಜುತ್ತಾ ಕೂತಿದ್ದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು. ಹತ್ತು ವರ್ಷದಿಂದ ರಾಜ್ಯ ತಂಡದ ಪರ ರಣಜಿ ಆಡುತ್ತಿದ್ದಾರೆ. ಸಾವಿರಗಟ್ಟಲೆ ರನ್ ಹೊಡೆದಿದ್ದಾರೆ. ಭಾರತ ತಂಡದ ಕರೆ ಒಮ್ಮೆಯೂ ಬಂದಿಲ್ಲ.

ಎರಡನೇ ಭೇಟಿಯಲ್ಲಿ ಅವರೊಬ್ಬರೇ ಬಂದರು. ಆ ದಿನ ಹೇಳಿದ ಮಾತು ನನಗೆ ಇಡೀ ಪ್ರಕರಣದ ಬೀಗದ ಕೈ ಇದ್ದ ಹಾಗೆ. "ಸೊನ್ನೆಗೆ ಔಟಾದ್ರೆ ನಾಲ್ಕು ದಿನದಲ್ಲಿ ಮರೀತೀನಿ ಮೇಡಂ. ಅದಕ್ಕೆ ಕಾರಣ ಇರುತ್ತೆ. ಬಾಲ್ ಒಳಗೆ ಬಂತು, ಕಾಲು ಮುಂದೆ ಹೋಗಲಿಲ್ಲ. ಇದಕ್ಕೆ ಮಾತ್ರ ಕಾರಣ ಯಾರೂ ಹೇಳಲ್ಲ."

ಯಾರೂ ಹೇಳದಿದ್ದಾಗ ಮನಸ್ಸು ಸುಮ್ನೆ ಕೂರೋದಿಲ್ಲ, ತಾನೇ ಕಾರಣ ಹುಟ್ಟಿಸುತ್ತದೆ. ಅವರ ಫೋನಿನಲ್ಲಿ ಒಂದು ಪಟ್ಟಿಯೇ ಇತ್ತು. ವಯಸ್ಸಾಯ್ತು. ಸ್ಟ್ರೈಕ್ ರೇಟ್ ಕಡಿಮೆ. ಐಪಿಎಲ್‌ನಲ್ಲಿ ಹೆಸರಿಲ್ಲ. ಶಾರ್ಟ್ ಬಾಲ್ ಸರಿಯಾಗಿ ಆಡಲ್ಲ. ಫೀಲ್ಡಿಂಗ್ ನಿಧಾನ. ಪ್ರತಿ ಕಾರಣಕ್ಕೂ ಒಂದೊಂದು ಬದಲಾವಣೆ ಮಾಡಿಕೊಂಡಿದ್ದರು. ಎರಡು ವರ್ಷದಲ್ಲಿ ಮೂರು ಸಲ ಸ್ಟಾನ್ಸ್, ಅಂದರೆ ಬ್ಯಾಟ್ ಹಿಡಿದು ನಿಲ್ಲುವ ರೀತಿ, ಬದಲಿಸಿದ್ದರು. ಒಂದು ಋತುವಿನಲ್ಲಿ ರನ್ನೂ ಬರಲಿಲ್ಲ, ಕರೆಯೂ ಬರಲಿಲ್ಲ.

ಆ ಪಟ್ಟಿಯನ್ನು ಕಾಗದಕ್ಕೆ ಇಳಿಸಲು ಹೇಳಿದೆ. ನಿಮ್ಮೆದುರು ಕೂತು ಯಾರಾದರೂ ಹೇಳಿದ್ದು ಒಂದು ಕಡೆ, ನೀವೇ ಊಹಿಸಿದ್ದು ಇನ್ನೊಂದು ಕಡೆ. ಬರೆದು ಮುಗಿಸಿದಾಗ ಮೊದಲ ಕಡೆ ಒಂದೇ ಒಂದು ಸಾಲು ಇತ್ತು: ಸ್ಲಿಪ್ ಫೀಲ್ಡಿಂಗ್‌ನಲ್ಲಿ ಇನ್ನೂ ಚುರುಕಾಗಬೇಕು. ಅದನ್ನು ಹೇಳಿದ್ದು ಅವರ ರಾಜ್ಯ ತಂಡದ ಕೋಚ್. ಅವರು ಆ ಕಾಗದವನ್ನು ತುಂಬಾ ಹೊತ್ತು ನೋಡಿದರು.

ಮನೆಯವರು, ನೆಂಟರು, ಹಳೇ ಸ್ನೇಹಿತರು ಎಲ್ಲರೂ ಅವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಕರುಣ್ ನಾಯರ್ ನೋಡು, ಎಂಟು ವರ್ಷ ಕಾದ್ರು." ಒಳ್ಳೆ ಮನಸ್ಸಿಂದಲೇ ಹೇಳಿದ್ದು, ನಿಜ. ಆದರೆ ಕಾಯುತ್ತಿರುವವನ ಕಿವಿಗೆ ಅದು ಬೀಳೋದೇ ಬೇರೆ ರೀತಿ: ಅವರಿಗೆ ಸಿಕ್ಕಿತು, ನಿನಗೆ ಯಾಕಿಲ್ಲ? ಅದಕ್ಕೇ ಆ ಕಥೆಯನ್ನು ಪೂರ್ತಿಯಾಗಿ ಮಾತಾಡಿದೆವು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಭಾರತಕ್ಕೆ ಟೆಸ್ಟ್ ಆಡುತ್ತಾ ಔಟಾಗದೆ 303. ಮರುವರ್ಷ ತಂಡದಿಂದ ಹೊರಗೆ. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. 2022ರ ಡಿಸೆಂಬರ್‌ನಲ್ಲಿ ಇನ್ನೊಂದು ಅವಕಾಶ ಕೊಡು ಅಂತ ಕ್ರಿಕೆಟ್ಟನ್ನೇ ಕೇಳಿಕೊಂಡು ಟ್ವಿಟ್ಟರ್‌ನಲ್ಲಿ ಬರೆದರು. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ, ಅಂದರೆ ರಾಜ್ಯ ತಂಡಗಳ ಏಕದಿನ ಟೂರ್ನಿಯಲ್ಲಿ, ಐದು ಶತಕ, 779 ರನ್. ಅದೇ ಋತುವಿನ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135. 2025ರಲ್ಲಿ ಇಂಗ್ಲೆಂಡ್‌ಗೆ ಹೋದರು, ನಾಲ್ಕು ಟೆಸ್ಟ್ ಆಡಿದರು, ಒಂದು ಅರ್ಧಶತಕ ಬಂತು. ತವರಿನ ಮುಂದಿನ ಸರಣಿಗೆ ಮತ್ತೆ ಹೆಸರಿರಲಿಲ್ಲ. ನೆಂಟರು ಈ ಕೊನೆಯ ಭಾಗ ಹೇಳೋದೇ ಇಲ್ಲ. ಕರೆ ಬಂದ ಮೇಲೂ ಬದುಕು ಹೀಗೇ ಇರುತ್ತೆ ಅನ್ನೋದು ನನ್ನೆದುರು ಕೂತಿದ್ದವರಿಗೆ ಗೊತ್ತಾಗಬೇಕಿತ್ತು.

ಲೆಕ್ಕವನ್ನೂ ಹಾಕಿದೆವು. ರಣಜಿಯಲ್ಲಿ 38 ತಂಡ. ತಂಡಕ್ಕೆ ಆರು ಬ್ಯಾಟರ್ ಅಂದರೂ 228 ಜನ. ಟೆಸ್ಟ್ ತಂಡದಲ್ಲಿ ಅಷ್ಟೂ ಜನಕ್ಕಿರೋದು ಆರು ಜಾಗ, ಅವೂ ಖಾಲಿ ಇರಬೇಕು. ಕರ್ನಾಟಕದ ಮಯಾಂಕ್ ಅಗರ್‌ವಾಲ್ 2017-18ರ ರಣಜಿಯಲ್ಲಿ 1,160 ರನ್ ಹೊಡೆದರು. ಟೆಸ್ಟ್ ಆಡಿದ್ದು 2018ರ ಡಿಸೆಂಬರ್ 26ಕ್ಕೆ, ಮೆಲ್ಬರ್ನ್‌ನಲ್ಲಿ. ಅಷ್ಟರಲ್ಲಿ ಪೃಥ್ವಿ ಶಾ ಪಾದದ ಗಂಟಿಗೆ ಪೆಟ್ಟಾಗಿತ್ತು, ಆಡುತ್ತಿದ್ದ ಇಬ್ಬರು ಆರಂಭಿಕರಿಂದಲೂ ರನ್ ಬರುತ್ತಿರಲಿಲ್ಲ. ಆಸ್ಟ್ರೇಲಿಯಾದ ಮೈಕ್ ಹಸ್ಸಿ ಮೊದಲ ಟೆಸ್ಟ್‌ಗೆ ಮುಂಚೆ ಪ್ರಥಮ ದರ್ಜೆಯಲ್ಲಿ, ಅಂದರೆ ರಣಜಿಯಂಥ ಹಲವು ದಿನದ ಪಂದ್ಯಗಳಲ್ಲಿ, 15,313 ರನ್ ಗಳಿಸಿದ್ದರು. ಬಾಗಿಲು ತೆರೆದದ್ದು 2005ರಲ್ಲಿ, ಜಸ್ಟಿನ್ ಲ್ಯಾಂಗರ್ ಪಕ್ಕೆಲುಬಿಗೆ ಪೆಟ್ಟಾದಾಗ.

ಇದನ್ನು ಕೇಳಿ ಅವರಿಗೆ ಸಮಾಧಾನ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಮುಖ ಕಪ್ಪಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ, ಗೋಡೆ ಕಡೆ ನೋಡುತ್ತಾ ಹೇಳಿದರು: "ಹೋದ ವರ್ಷ ಒಬ್ಬನಿಗೆ ಬೆರಳು ಮುರೀತು. ನನ್ನ ಜಾಗಕ್ಕೇ ಪೈಪೋಟಿ ಇದ್ದವನು. ಅಂಡರ್-19ರಲ್ಲಿ ಒಂದೇ ರೂಮಲ್ಲಿ ಇದ್ವಿ. ಟಿವಿಲಿ ನೋಡಿದಾಗ ನಂಗೆ ಖುಷಿ ಆಯ್ತು. ಅರ್ಧ ನಿಮಿಷ ಇರಬಹುದು. ಅವತ್ತು ರಾತ್ರಿಯಿಂದ ನನ್ನ ಮುಖ ನಂಗೇ ನೋಡ್ಕೊಳ್ಳೋಕೆ ಆಗ್ತಿಲ್ಲ."

ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಇದನ್ನು. ಹೆಂಡತಿಗೂ ಹೇಳಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಹತ್ತು ವರ್ಷ ಸಾಲಿನಲ್ಲಿ ನಿಂತವನಿಗೆ ಮುಂದಿನವನು ಪಕ್ಕಕ್ಕೆ ಸರಿದಾಗ ಮನಸ್ಸು ಹಗುರ ಆಗುತ್ತೆ. ಅದು ಕೇಡು ಬಯಸಿದ್ದಲ್ಲ. ಅವನ ಬೆರಳು ಮುರಿದದ್ದು ನಿಮ್ಮ ಖುಷಿಯಿಂದಲ್ಲ, ಚೆಂಡಿನಿಂದ. ಆದರೆ ಅವನನ್ನು ನೀವು ಮಾತಾಡಿಸಿಲ್ಲ ಅಲ್ವಾ? ಅದೊಂದು ಮಾತ್ರ ನಿಮ್ಮ ಕೈಯಲ್ಲಿರೋದು. ಈಗಲೂ ತಡವಾಗಿಲ್ಲ.

ಆ ರಾತ್ರಿ ಮೆಸೇಜ್ ಕಳಿಸಿದರಂತೆ. ಬೆರಳು ಹೇಗಿದೆ ಅಂತ, ಅಷ್ಟೇ. ಆ ಕಡೆಯಿಂದ ನೇರ ಫೋನೇ ಬಂತು. ಒಂದು ಗಂಟೆ ಮಾತಾಡಿದರು. ಅವನೂ ತಂಡ ಪ್ರಕಟವಾಗುವ ದಿನ ನಿದ್ದೆ ಮಾಡೋದಿಲ್ಲವಂತೆ.

ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ ಅಂತ ಮೊದಲ ದಿನವೇ ನೇರವಾಗಿ ಕೇಳಿದ್ದೆ. ಇಂಥವರನ್ನು ಕೇಳಲೇಬೇಕು. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟರೆ ಮನೋವೈದ್ಯರ ಹತ್ತಿರ ಹೋಗಬೇಕು, ನನಗಾಗಿ ಕಾಯಬಾರದು ಅಂತಲೂ ಹೇಳಿದೆ.

ಮುಂದಿನ ಸಲಹೆಗಳು ಸಣ್ಣಪುಟ್ಟವು. ತಂಡ ಪ್ರಕಟವಾಗುವ ದಿನ ಫೋನ್ ಹೆಂಡತಿ ಹತ್ತಿರ ಇರಲಿ, ಅವತ್ತು ಮಗಳನ್ನು ಸ್ಕೂಲಿಂದ ಕರೆತರುವ ಕೆಲಸ ನಿಮ್ಮದು. ಚಿಕ್ಕಂದಿನಿಂದ ನೋಡಿರುವ ಕೋಚ್ ಒಪ್ಪದೆ ಸ್ಟಾನ್ಸ್ ಮುಟ್ಟಬೇಡಿ. ರಾಜ್ಯ ತಂಡದ ಕೋಚ್ ಹತ್ತಿರ ಒಮ್ಮೆ ನೇರವಾಗಿ ಕೇಳಿ, "ನನ್ನಲ್ಲಿ ಏನು ಕಡಿಮೆ?" ಏನೂ ಇಲ್ಲ ಅಂದರೆ ಆ ಉತ್ತರವನ್ನು ನಂಬಿ. ಹಾಗಂದರೆ ಪಟ್ಟಿಯ ಊಹೆಗಳನ್ನು ಒಂದೊಂದಾಗಿ ಹೊಡೆದು ಹಾಕಿ.

ಹಣದ ಮಾತು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಆಡಿಸಿದೆ. ನಲವತ್ತಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ರಣಜಿಯಲ್ಲಿ ದಿನಕ್ಕೆ 60,000 ರೂಪಾಯಿ ಸಂಭಾವನೆ. ಹನ್ನೊಂದರಲ್ಲಿ ಇಲ್ಲದೆ ಬೆಂಚಿನಲ್ಲಿ ಕೂತರೆ ಅದರ ಅರ್ಧ. ಒಳ್ಳೆ ದುಡ್ಡೇ, ಆದರೆ ಆಡುವಷ್ಟು ದಿನ ಮಾತ್ರ. ಎರಡು ಋತು ಪೂರ್ತಿ ಮನಸ್ಸಿಟ್ಟು ಆಡೋದು, ಆಮೇಲೆ ಮತ್ತೆ ಕೂತು ಮಾತಾಡೋದು ಅಂತ ಇಬ್ಬರೂ ಒಪ್ಪಿಕೊಂಡರು. ಅಷ್ಟರೊಳಗೆ ಕೋಚಿಂಗ್ ಪರೀಕ್ಷೆಯ ಮೊದಲ ಹಂತ ಮುಗಿಸೋದು ಹೆಂಡತಿಯ ಸಲಹೆ. ಅದನ್ನು ಕೇಳಿದಾಗ ಅವರಿಗೆ ಸ್ವಲ್ಪ ನೋವಾಯಿತು, ಕಣ್ಣಲ್ಲೇ ಕಂಡಿತು. ಅಮೋಲ್ ಮಜುಂದಾರ್ ವಿಷಯ ತೆಗೆದದ್ದು ಆಗ. ಬಾಂಬೆಗೆ ಮೊದಲ ರಣಜಿ ಪಂದ್ಯದಲ್ಲೇ 260, ಒಟ್ಟು 11,167 ಪ್ರಥಮ ದರ್ಜೆ ರನ್, ಭಾರತದ ಕ್ಯಾಪ್ ಮಾತ್ರ ಸಿಗಲಿಲ್ಲ. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದಾಗ ಅವರ ಕೋಚ್ ಆಗಿ ನಿಂತಿದ್ದವರು ಅವರೇ. "ಗೊತ್ತು ಮೇಡಂ, ಅವತ್ತು ನಾನು ಅತ್ತಿದ್ದೆ" ಅಂದರು.

ತಂದೆಯನ್ನೂ ಒಂದು ದಿನ ಕರೆಸಿದೆ. ಊರಿಂದ ದಿನಾ ಸಂಜೆ ಫೋನ್ ಮಾಡಿ "ಸೆಲೆಕ್ಟರ್ ಯಾರಾದ್ರೂ ಬಂದಿದ್ರಾ ಮಗಾ?" ಅಂತ ಕೇಳುತ್ತಿದ್ದವರು. ಧೈರ್ಯ ಹೇಳುತ್ತಿದ್ದೇನೆ ಅಂತಲೇ ತಿಳಿದಿದ್ದರು. ಆ ಪ್ರಶ್ನೆ ಒಂದನ್ನು ಬಿಟ್ಟು ಬೇರೆ ಏನಾದರೂ ಕೇಳಿ ಯಜಮಾನ್ರೇ ಅಂದೆ. ಏನು ಕೇಳೋದು ಅಂದರು. ಊಟ ಆಯ್ತಾ ಅಂತ ಕೇಳಿ ಅಂದೆ. ಟವೆಲ್‌ನಿಂದ ಕಣ್ಣು ಒರೆಸಿಕೊಂಡರು.

ಆರು ತಿಂಗಳ ಮೇಲೆ ಮತ್ತೊಂದು ತಂಡ ಪ್ರಕಟವಾಯಿತು. ಅವರ ಹೆಸರು ಇರಲಿಲ್ಲ. ರಾತ್ರಿ ಹೆಂಡತಿ ಕ್ಯಾಲೆಂಡರ್‌ನ ಫೋಟೋ ಕಳಿಸಿದ್ದರು. ಆ ತಾರೀಖಿಗೆ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಸುತ್ತು ಇತ್ತು. ಮಧ್ಯಾಹ್ನ ನೋವು ಬಂದಿತ್ತಂತೆ, ಮಗಳನ್ನು ಕರೆದುಕೊಂಡು ಬರುವಷ್ಟರಲ್ಲಿ ಕಡಿಮೆ ಆಗಿತ್ತಂತೆ. ಹಾಲು ಅವತ್ತು ಮೂರು ಪ್ಯಾಕೆಟ್. ಮಾವ ಊರಿಂದ ಬಂದಿದ್ದಾರೆ ಅಂತ ಕೆಳಗೆ ಬರೆದಿದ್ದರು.