ಹೊಸ ಕೆಡೆಟ್‌ಗಳು ಮೂರನೇ ವಾರಕ್ಕೇ ಬಿಡುತ್ತಿದ್ದರೆ

ಮಕ್ಕಳಿಗೆ ವಿಮಾನ ಹಾರಾಟದ ಪರಿಚಯ, ಶಿಸ್ತಿನ ತರಬೇತಿ ಕೊಡುವ ನಿಮ್ಮ ಕೆಡೆಟ್ ಘಟಕದಲ್ಲಿ ಸೇರಿದವರಲ್ಲಿ ಅರ್ಧ ಮಕ್ಕಳು ಮೂರನೇ ವಾರಕ್ಕೇ ನಿಲ್ಲುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅದಕ್ಕೆ ಬಹುಶಃ ಮೊದಲ ದಿನ ನೀವು ನಡೆಸುವ ಎರಡು ಗಂಟೆಯ ಪರಿಚಯ ಸಭೆಯೇ ಕಾರಣ. ವಿಮಾನದ ಆಸೆಯಿಂದ ಬಂದ ಮಗುವಿಗೆ ಅವತ್ತು ಸಿಗುವುದು ನಿಯಮಗಳ ಪಟ್ಟಿ, ಅಪ್ಪ-ಅಮ್ಮನಿಗೆ ಸಿಗುವುದು ಸಹಿ ಹಾಕಬೇಕಾದ ಕಾಗದ.

ಮೊದಲು ಮಕ್ಕಳನ್ನೂ ಪೋಷಕರನ್ನೂ ಬೇರೆ ಕೂರಿಸಿ. ಮಕ್ಕಳನ್ನು ಬೋಧಕರ ಜೊತೆ ನಿಂತ ವಿಮಾನದ ಹತ್ತಿರ ನೇರ ಕಳಿಸಿ. ರೆಕ್ಕೆಯ ಕೆಳಗಿನಿಂದ ಚೂರು ಇಂಧನವನ್ನು ಪಾರದರ್ಶಕ ಕಪ್ಪಿಗೆ ಇಳಿಸಿ, ಬೆಳಕಿಗೆ ಹಿಡಿದು ತೋರಿಸಲಿ. ನೀರು ಸೇರಿದ್ದರೆ ಅದು ಇಂಧನಕ್ಕಿಂತ ಭಾರ, ತಳದಲ್ಲಿ ಬೇರೆಯಾಗಿ ಕೂರುತ್ತದೆ. ಮೇಲೆ ಹೋದಾಗ ಎಂಜಿನ್ ನಿಲ್ಲಲು ಅಷ್ಟೇ ಸಾಕಾಗಬಹುದು. ಇದು ಅರ್ಥವಾದ ಮಗುವಿಗೆ ಶಿಸ್ತಿನ ಪಾಠವನ್ನು ಬೇರೆ ಹೇಳಬೇಕಿಲ್ಲ.

ಅಷ್ಟರಲ್ಲಿ ಪೋಷಕರು ಕೇಳಲು ಹಿಂಜರಿಯುವುದನ್ನು ನೀವೇ ಹೇಳಿ: ಹಾರಿಸುವವರು ಯಾರು, ವಿಮೆ ಏನಿದೆ, ವರ್ಷಕ್ಕೆ ಒಟ್ಟು ಖರ್ಚೆಷ್ಟು. ಮುಂದೆ ಸೇನೆಗೆ ಸೇರಲೇಬೇಕಾ ಅನ್ನುವ ಭಯ ತುಂಬ ಜನರಿಗಿರುತ್ತದೆ. ನಿಮ್ಮಲ್ಲಿ ಅಂಥ ಕಡ್ಡಾಯವಿಲ್ಲದಿದ್ದರೆ ಬಿಡಿಸಿ ಹೇಳಿ. ಮೊದಲ ಹಾರಾಟದ ದಿನಾಂಕ ಮಾತ್ರ ಕೊಡಬೇಡಿ. ನಾನೊಮ್ಮೆ ಕೊಟ್ಟಿದ್ದೆ. ಅವತ್ತು ಮೋಡ ಕವಿದು, ಮಕ್ಕಳು ಸಂಜೆಯವರೆಗೂ ಆಕಾಶ ನೋಡುತ್ತಾ ಕೂತಿದ್ದರು.

ಅಲರ್ಜಿ, ಔಷಧಿ, ತುರ್ತು ಫೋನ್ ನಂಬರ್ ಮೊದಲ ದಿನವೇ ಬರೆಸಿಕೊಳ್ಳಿ. ಸಮವಸ್ತ್ರದ ಅಳತೆ, ಉಳಿದ ಫಾರಂ ಮುಂದಿನ ವಾರಕ್ಕಿರಲಿ. ಪ್ರತಿ ಹೊಸಬರಿಗೂ ಒಬ್ಬ ಹಿರಿಯ ಕೆಡೆಟ್ ಜೋಡಿ ಇರಲಿ. ಯಾರಾದರೂ ಎರಡನೇ ವಾರ ಬಾರದಿದ್ದರೆ ಅವತ್ತೇ ಮನೆಗೆ ಫೋನ್ ಮಾಡಿ.